ಕೂಸಿನ ಬಾಯಿ ಮೂಸುವ ಅನಸವ್ವ

ಅನಸವ್ವ ಕೂಸು ನೋಡಲು ಬಂದರೆ ಮೊದಲು ಅದರ ಬಾಯಿ ಮೂಸುತ್ತಿದ್ದಳು. ಮೂಗು ಯಾರ ಹಾಗಿದೆ, ಬಣ್ಣ ಯಾರದು ಎಂಬ ಮಾತೆಲ್ಲ ಆಮೇಲೆ. ಜೇನು ನೆಕ್ಕಿಸಿದ್ದರೂ, ಬೆಲ್ಲದ ನೀರು ಬಿಟ್ಟಿದ್ದರೂ ಅವಳಿಗೆ ತಿಳಿದುಬಿಡುತ್ತಿತ್ತು. ಖಾನಾಪುರದ ನಮ್ಮ ಓಣಿಯ ಅಂಗನವಾಡಿಯಲ್ಲಿ ಅವಳು ಸಹಾಯಕಿ. ಮರಾಠಿ ಮನೆಗಳಲ್ಲಿ ಮರಾಠಿಯಲ್ಲಿ, ನಮ್ಮಂಥವರ ಮನೆಗಳಲ್ಲಿ ಕನ್ನಡದಲ್ಲಿ ಬೈಯುತ್ತಿದ್ದಳು. ಖಾರ ಎರಡರಲ್ಲೂ ಒಂದೇ.

ಆಸ್ಪತ್ರೆಯಿಂದ ನನ್ನ ಮಗಳನ್ನು ತವರಿಗೆ ತಂದ ದಿನವೇ ಬಂದಳು. ಮೂಸಿದವಳು ನಮ್ಮ ಚಿಗವ್ವನ ಕಡೆ ತಿರುಗಿ, ಜೇನು ಯಾರ ಕೈಯದು ಎಂದಳು. ಚಿಗವ್ವ ಒಳಗೆ ಹೋದವಳು ಹೊರಗೆ ಬರಲಿಲ್ಲ. ನನಗೆ ಎದೆ ಕಟ್ಟಿ ಕಲ್ಲಾಗಿತ್ತು. ಹಾಲೇ ಇಲ್ಲ, ಪುಡಿಹಾಲಿನ ಡಬ್ಬಿ ತರಿಸಿರಿ ಎಂದು ಅಳುತ್ತಿದ್ದೆ. ಅನಸವ್ವ ಬಿಸಿನೀರಲ್ಲಿ ಅದ್ದಿದ ಅರಿವೆ ಒತ್ತಿದಳು, ಕೂಸನ್ನು ಎದೆಗೆ ಹಚ್ಚಿದಳು.

"ಬಾಯಿ ತುಂಬ ಹಿಡೀಲಿ. ಬರೇ ತುದಿ ಹಿಡದ್ರ ನಿನಗೂ ನೋವು, ಅದಕ್ಕೂ ಉಪಾಸ."

ಅಂಗನವಾಡಿ ಮುಗಿಸಿ ದಿನವೂ ಬಂದಳು. ಮೂರನೆಯ ದಿನ ಹಾಲು ಇಳಿಯಿತು.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತು ಓದಿಸಿದ. ಆ ಹೆಮ್ಮೆ ನನಗಿದೆ, ಮುಚ್ಚಿಡುವುದಿಲ್ಲ. ಆರು ತಿಂಗಳ ರಜೆ ಮುಗಿದು ಬೆಳಗಾವಿಯ ಆಫೀಸಿಗೆ ಹೋಗಿಬರತೊಡಗಿದಾಗ, ಕೂಸಿನ ಊಟದ ಪಟ್ಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಅವ್ವನಿಗೆ ಓದು ಬಾರದು. ಓದಿ ಹೇಳಿದೆ, ಬಾಯಿಪಾಠ ಮಾಡಿದಳು. ಬೆಳಿಗ್ಗೆ, ಸಂಜೆ ನನ್ನ ಹಾಲು. ಹತ್ತಕ್ಕೆ ಬೇಳೆಯ ತಿಳಿ, ಒಂದಕ್ಕೆ ಗಂಜಿಯ ತಿಳಿ, ಎರಡೂ ಅರಿವೆಯಲ್ಲಿ ಸೋಸಿದ್ದು. ಗಂಟಲಿಗೆ ಸಿಕ್ಕೀತೆಂಬ ಭಯ ನನಗೆ. ನಾಲ್ಕು ಮಕ್ಕಳನ್ನು ಸಾಕಿದ ಅವ್ವ, ಒಂದಿಷ್ಟು ಅನ್ನ ಹಿಚುಕಿ ಕೊಡಲೇನು ಎಂದು ಒಮ್ಮೆ ಕೇಳಿದಳು. ಬೇಡ ಎಂದೆ. ಓದಿದವಳಿಗೆ ಗೊತ್ತಿರುತ್ತದೆ ಎಂದು ಮತ್ತೆ ಗಂಜಿ ಸೋಸತೊಡಗಿದಳು.

ಎರಡು ತಿಂಗಳು ಮಗಳ ತೂಕ ಏರಲಿಲ್ಲ. ತೂಕದ ಕಾರ್ಡಿನಲ್ಲಿ ಗೆರೆ ಅಡ್ಡ ಮಲಗಿತ್ತು. ತೂಕ ಹಾಕಿದ ದಿನ ಅಂಗನವಾಡಿಯಲ್ಲಿ ನಾನೇ ಬಾಯಿಬಿಟ್ಟು ಹೇಳಿಕೊಂಡೆ: ನಮ್ಮ ಕೂಸು ಅಳುವುದೇ ಇಲ್ಲ, ದಿನವೆಲ್ಲ ಮಲಗುತ್ತದೆ, ಭಾರಿ ಶಾಣ್ಯಾ, ಜಾಣ ಕೂಸು.

ಅನಸವ್ವ ಬೈಯಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ಕೂಸಿನ ತೋಳು ಹಿಡಿದು ನೋಡಿ, ಏನು ಉಣಿಸುತ್ತೀ ಎಂದು ಕೇಳಿದಳು. ಹೇಳಿದೆ.

"ನನ್ನ ಮಗಾನೂ ಅಳತಿದ್ದಿಲ್ಲ, ತಂಗಿ," ಎಂದಳು. "ನಾ ಹಂಚಿನ ಭಟ್ಟಿಗೆ ಹೋಗತಿದ್ದೆ. ನಮ್ಮತ್ತಿ ಗಂಜಿ ತಿಳಿ ಕುಡಸತಿದ್ಲು. ನಮ್ಮದು ಭಾಳ ಶಾಣ್ಯಾ ಕೂಸು ಅಂತ ಓಣಿ ತುಂಬ ಹೇಳಕೋತ ತಿರಗೀನಿ. ಅಳಾಕ ಅದಕ ತ್ರಾಣನ ಇದ್ದಿಲ್ಲ. ಒಂಬತ್ತ ತಿಂಗಳಿಗೆ ಹೋತು. ಆಮ್ಯಾಲ ತಿಳೀತು ನನಗ."

ನನ್ನ ಮಗಳಿಗೆ ಆಗ ಎಂಟು ತಿಂಗಳು.

ಆವತ್ತೇ ನಮ್ಮನ್ನು ಡಾಕ್ಟರ ಹತ್ತಿರ ಕಳಿಸಿದಳು. ಸಂಜೆ ಮನೆಗೆ ಬಂದು ಅನ್ನ, ಹೆಸರುಬೇಳೆ ಮೆತ್ತಗೆ ಬೇಯಿಸಿ, ಬೆರಳಿನಿಂದ ಹಿಚುಕಿ, ತುಪ್ಪ ಹಾಕಿದಳು. ಚಮಚ ವಾರೆ ಮಾಡಿದರೂ ಸುರಿಯಬಾರದು, ಅಷ್ಟು ಗಟ್ಟಿ ಇರಲಿ ಎಂದಳು. ಗೋಡೆಯ ಪಟ್ಟಿ ಕಣ್ಣಿಗೆ ಬಿತ್ತು.

"ಡಿಗ್ರಿ ಮೇಡಮ್ಮಾರ, ನಿಮ್ಮವ್ವಗ ಒಂದ ಮಾತ ಕೇಳಿದ್ರ ಸರ್ಟಿಫಿಕೇಟ ಸವೀತಿತ್ತೇನ್ರಿ?"

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಟ್ಟಿಯನ್ನು ನಾನೇ ಹರಿದೆ.

ಗೆರೆ ನಿಧಾನಕ್ಕೆ ಎದ್ದಿತು. ಮಗಳು ಓಡಾಡುವ ಹೊತ್ತಿಗೆ ಅನಸವ್ವನಿಗೆ ಹೊಟ್ಟೆಯ ಬೇನೆ ಬಲಿತು, ಬೆಳಗಾವಿಯ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಮಗಳನ್ನು ಕರೆದುಕೊಂಡು ಹೋದೆ. ಅವಳ ಮೂಗಿನ ನಳಿಕೆ ನೋಡಿ ಮಗಳು ಕಿರುಚಿ ಅಳತೊಡಗಿದಳು. ವಾರ್ಡಿನವರೆಲ್ಲ ತಿರುಗಿ ನೋಡಿದರು. ನಾಚಿಕೆಯಾಗಿ ಹೊರಗೆ ಒಯ್ಯಲು ಎದ್ದೆ. ಅನಸವ್ವ ನನ್ನ ಸೀರೆ ಹಿಡಿದಳು.

"ಅಳ್ಲಿ ಬಿಡು. ಕೇಳತೀನಿ."

ಕಣ್ಣು ಮುಚ್ಚಿಕೊಂಡು ಕೇಳಿದಳು.

ಮುಂದಿನ ವಾರ ಹೋದಾಗ ಆ ಹಾಸಿಗೆಯ ಮೇಲೆ ಬೇರೆ ಯಾರೋ ಇದ್ದರು. ಅವಳ ಮಗನ ಹೆಸರೇನಿತ್ತೆಂದು ನಾನು ಒಂದು ದಿನವೂ ಕೇಳಿರಲಿಲ್ಲ. ಈಗ ಓಣಿಯಲ್ಲಿ ಕೇಳಿದರೆ ಯಾರಿಗೂ ಗೊತ್ತಿಲ್ಲ.