ಮೊಮ್ಮಗಳೂ ಡಬ್ಬಿಯ ಕೊಂಡಿಯೂ

ನನ್ನ ಮೊಮ್ಮಗಳು ಎಲ್‌ಕೆಜಿಯಲ್ಲಿ ಎಲ್ಲರಿಗಿಂತ ಕೊನೆಗೆ ಊಟ ಮಾಡುತ್ತಿದ್ದಳು. ಕಾರಣ, ಅವಳ ಸ್ಟೀಲ್ ಡಬ್ಬಿಯ ಎರಡು ಕೊಂಡಿಗಳು. ಅವನ್ನು ಎತ್ತುವ ಬಲ ಅವಳ ಬೆರಳುಗಳಿಗೆ ಇರಲಿಲ್ಲ. ಡಬ್ಬಿ ತೆಗೆಯಲು ಬಾರದ ಮಕ್ಕಳಿಗೆಲ್ಲ ಶಾಲೆಯ ಆಯಾ ಒಂದೊಂದೇ ಸಾಲಿಗೆ ಬಂದು ತೆಗೆದುಕೊಡುತ್ತಿದ್ದರು. ಇವಳು ಕೂರುತ್ತಿದ್ದುದು ಕೊನೆಯ ಸಾಲಿನಲ್ಲಿ.

"ನನ್ನ ಹತ್ರ ಬರೋ ಹೊತ್ಗೆ ಬೆಲ್ ಹೊಡೀತಾರೆ ತಾತ," ಎಂದು ಅವಳು ಒಂದು ದಿನ ಹೇಳಿದಳು. ಮಗಳು ಬೆಳಗ್ಗೆಯೇ ಕುಡುಮಲಕುಂಟೆಯ ಫ್ಯಾಕ್ಟರಿ ಬಸ್ಸು ಹತ್ತುತ್ತಾಳೆ, ಅಳಿಯ ರೈಲು ಹತ್ತುತ್ತಾನೆ. ಗೌರಿಬಿದನೂರಿನ ಈ ಮನೆಯಲ್ಲಿ ಮಗುವಿನ ಉಸ್ತುವಾರಿ ನಮ್ಮಿಬ್ಬರದು, ಅಂದರೆ ನನ್ನ ಹೆಂಡತಿಯದು. ನಾನು ನಿವೃತ್ತ ಗುಮಾಸ್ತ, ಸಲಹೆ ಕೊಡುವುದಷ್ಟೇ ನನ್ನ ಪಾಲಿನ ಕೆಲಸ.

ಕೊಂಡಿ ಹಾಕದೆಯೇ ಕಳಿಸಿದರಾಯಿತು ಎಂದು ಮೊದಲು ಹೊಳೆಯಿತು. ಹೆಂಡತಿ ಆ ಕಡೆ ತಿರುಗಿದಾಗ ಎರಡೂ ಕೊಂಡಿಗಳನ್ನು ಮೆಲ್ಲಗೆ ಎತ್ತಿ ಡಬ್ಬಿಯನ್ನು ಬ್ಯಾಗಿಗೆ ಸೇರಿಸಿದೆ. ಅಂದಿನ ಮೊಸರನ್ನ ಮಗುವಿನ ಚಿತ್ರದ ಪುಸ್ತಕದಲ್ಲಿ ಆನೆ, ಕುದುರೆ, ಒಂಟೆ ಎಲ್ಲರಿಗೂ ಬಡಿಸಲ್ಪಟ್ಟಿತು. ಸಂಜೆ ಪುಸ್ತಕ ಬಿಸಿಲಿಗೆ ಹರವಿಕೊಂಡು ಕೂತ ನನಗೆ ಹೆಂಡತಿ ಅಂದು ಕಾಫಿ ಕೊಡಲಿಲ್ಲ.

ಮಗಳು ಆನ್‌ಲೈನಿನಲ್ಲಿ ಒಂದು ಆಟದ ಸಾಮಾನು ತರಿಸಿದಳು. ಬಣ್ಣದ ಮಣಿಗಳನ್ನು ಪುಟ್ಟ ಇಕ್ಕಳದಿಂದ ಹಿಡಿದು ಬಟ್ಟಲಿಗೆ ಹಾಕಬೇಕು. ಮೊಮ್ಮಗಳು ಎರಡು ದಿನ ಆಡಿ ಬಿಟ್ಟಳು. ಮಣಿಗಳು ಸೋಫಾದ ಸಂದಿ ಸೇರಿದವು, ಇಕ್ಕಳವನ್ನು ಮೂಗಿನ ಕೂದಲು ಕೀಳಲು ನಾನಿಟ್ಟುಕೊಂಡೆ.

ಕೊನೆಗೆ ಶಾಲೆಗೇ ಹೋಗಿ ಟೀಚರಮ್ಮನನ್ನು ಕೇಳಿದೆ. "ಬೆರಳಿಗೆ ಕೆಲ್ಸ ಕೊಡಿ ಸರ್. ಹಿಟ್ಟು ನಾದ್ಸಿ, ಸೊಪ್ಪು ಬಿಡಿಸ್ಲಿ. ಈಗ ಅವರೆಕಾಯಿ ಕಾಲ ಅಲ್ವಾ, ಬೇಳೆ ಹಿತಕ್ಸಿ. ನೀವೂ ಜೊತೇಲಿ ಕೂತ್ಕೊಳಿ," ಎಂದರು ಆಕೆ. ಕೊನೆಯ ಮಾತು ಕೇಳಿ ನನಗೆ ದಿಗಿಲಾಯಿತು. ಮದುವೆಯಾದಂದಿನಿಂದ ಅವರೆಕಾಯಿ ಕಾಲ ಬಂತೆಂದರೆ ನನಗೆ ಹೊರಗೆಲ್ಲೋ ತುರ್ತು ಕೆಲಸ ಬೀಳುತ್ತದೆ. ನೆನೆದ ಕಾಳನ್ನು ಒಂದೊಂದೇ ಎತ್ತಿಕೊಂಡು, ಹೆಬ್ಬೆರಳು ತೋರುಬೆರಳ ನಡುವೆ ಹದವಾಗಿ ಒತ್ತಿ, ಸಿಪ್ಪೆಯಿಂದ ಬೇಳೆಯನ್ನು ಹಾರಿಸುತ್ತಾ ಒಂದು ಬೆಳಗ್ಗೆಯನ್ನೇ ಕಳೆಯುವ ತಾಳ್ಮೆ ದೇವರು ನನಗೆ ಕೊಟ್ಟಿಲ್ಲ.

ಭಾನುವಾರ ಹೆಂಡತಿ ನಮ್ಮಿಬ್ಬರ ಮುಂದೆ ನೆನೆದ ಕಾಳನ್ನೂ, ಬೇಳೆಗೊಂದು ಪಾತ್ರೆ, ಸಿಪ್ಪೆಗೊಂದು ಬಕೆಟ್ಟನ್ನೂ ಇಟ್ಟಳು. ಮಗು ಮೊದಲು ಕಾಳನ್ನು ಅಂಗೈಯಲ್ಲಿ ಹಿಚುಕಿ ಮುದ್ದೆ ಮಾಡಿತು. ಆಮೇಲೆ ಅಜ್ಜಿಯ ಬೆರಳನ್ನೇ ದಿಟ್ಟಿಸಿ ನೋಡಿ ಒತ್ತಿತು. ಬೇಳೆ ಚಂಗನೆ ಹಾರಿ ನನ್ನ ಕನ್ನಡಕಕ್ಕೆ ಬಡಿಯಿತು. ಅವಳು ನೆಲದ ಮೇಲೆ ಉರುಳಾಡಿ ನಕ್ಕಳು. ನಾನು ಸಿಟ್ಟು ಬಂದವನಂತೆ ಪೇಪರ್ ಅಡ್ಡ ಹಿಡಿದೆ. ಮುಂದಿನದು ಪೇಪರಿನ ಮೇಲಿಂದ ಹಾರಿ ಬಂದು ನನ್ನ ಬೋಳು ತಲೆಗೆ ಬಿತ್ತು. ಅಲ್ಲಿಂದ ಮುಂದೆ ಅವಳಿಗೆ ಬೇರೆ ಉತ್ತೇಜನ ಬೇಕಾಗಲಿಲ್ಲ.

"ತಲೆ ಕೊಟ್ಕೊಂಡು ಕೂತಿದೀರಲ್ರೀ," ಎಂದಳು ಹೆಂಡತಿ.

"ಟೀಚರ್ ಹೇಳವ್ರೆ ಕಣೇ," ಎಂದೆ.

ಗುರಿಯಿಟ್ಟು ಹೊಡೆಯುವ ಆಟ ಬೇಸರವಾದ ಮೇಲೆ ಇಬ್ಬರೂ ಹುರುಪಿನಿಂದ ಹಿತಕಿದೆವು. ಸಿಪ್ಪೆ ಪಾತ್ರೆಗೆ, ಬೇಳೆ ಬಕೆಟ್ಟಿಗೆ. ತಿರುವುಮುರುವಾಗಿದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಪಕ್ಕದ ಮನೆಯಾಕೆ ಎಂದಿನಂತೆ ಬಂದು ಬಕೆಟ್ಟನ್ನು ಹಸುವಿಗೆ ಒಯ್ದರು. "ಮಾ ಆವುಕು ಈರೋಜು ಪಂಡಗೇ," ಎಂದು ಸಂಜೆ ತೆಲುಗಿನಲ್ಲಿ ನಕ್ಕರು. ಅವರ ಹಸುವಿಗೆ ಹಬ್ಬ, ನಮಗೆ ಮುದ್ದೆಯ ಜೊತೆ ಬೇಳೆಯಿಲ್ಲದ ಬರೀ ಸಾರು.

ಅವರೆಕಾಯಿ ಮುಗಿಯುವವರೆಗೂ ವಾರವಾರ ಇದೇ ನಡೆಯಿತು, ಬಕೆಟ್ಟು ಮಾತ್ರ ಹೆಂಡತಿಯ ಕಣ್ಗಾವಲಿನಲ್ಲಿ. ಒಂದು ದಿನ ಅಡುಗೆಮನೆಯಲ್ಲಿ ಟಕ್ ಎಂದು ಸದ್ದಾಯಿತು, ಹಿಂದೆಯೇ ಇನ್ನೊಂದು. ಡಬ್ಬಿ ತೆರೆದಿತ್ತು. ಮೊಮ್ಮಗಳು ಮುಚ್ಚಳ ಹಿಡಿದುಕೊಂಡು ನಿಂತಿದ್ದಳು. ಅವಳಿಗಿಂತ ನನಗೇ ಹೆಚ್ಚು ಸಂತೋಷವಾಯಿತು.

ಮಾರನೆಯ ದಿನ ತಡೆಯಲಾರದೆ ಊಟದ ಹೊತ್ತಿಗೆ ಶಾಲೆಯ ಕಿಟಕಿಯಲ್ಲಿ ಇಣುಕಿದೆ. ನನ್ನ ಮೊಮ್ಮಗಳು ಜಾಗದಲ್ಲಿರಲಿಲ್ಲ. ಸಾಲಿನಿಂದ ಸಾಲಿಗೆ ಹೋಗಿ ಬೇರೆಯವರ ಡಬ್ಬಿ ತೆಗೆದುಕೊಡುತ್ತಿದ್ದಳು. ಆಯಾ ಗೋಡೆಗೊರಗಿ ಕಾಲು ಚಾಚಿದ್ದರು. ಇವಳ ಡಬ್ಬಿ ಮುಚ್ಚಿಯೇ ಇತ್ತು, ಬೆಲ್ಲೂ ಹೊಡೆಯಿತು. ನನಗೆ ರೇಗಿತು. ಇಷ್ಟೆಲ್ಲ ಏಟು ತಿಂದದ್ದು ಇದಕ್ಕಾ ಅನ್ನಿಸಿತು.

ಶಾಲೆ ಬಿಟ್ಟ ಮೇಲೆ ಮನೆಗೆ ಬರುವ ದಾರಿಯಲ್ಲಿ ಗದರಿದೆ. "ಇವತ್ತೂ ಉಪವಾಸ ಏನಮ್ಮ?"

"ಇಲ್ಲ ತಾತ. ಒಬ್ಬೊಬ್ಬರ ಡಬ್ಬೀಲೂ ಒಂದೊಂದು ತುತ್ತು ತಿಂದೆ. ಪುಳಿಯೋಗರೆ, ಪೂರಿ, ಜಾಮೂನು." ಹೊಟ್ಟೆ ಸವರಿಕೊಂಡಳು. "ಅಜ್ಜಿ ಉಪ್ಪಿಟ್ಟು ಹಂಗೇ ಐತೆ. ನೋಡಿದ್ರೆ ಬೈತಾರೆ."

ಹುಣಸೆಮರದ ಕೆಳಗಿನ ಕಲ್ಲಿನ ಮೇಲೆ ನನ್ನನ್ನು ಕೂರಿಸಿದಳು. ನಾನು ಡಬ್ಬಿಗೆ ಕೈ ಚಾಚಿದೆ. ಅವಳು ನನ್ನ ಕೈ ತಳ್ಳಿ, ತಾನೇ ಎರಡು ಕೊಂಡಿಗಳನ್ನೂ ಎತ್ತಿ, ಮುಚ್ಚಳ ತೆಗೆದು, ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟಳು. ನನ್ನ ಕಣ್ಣು ತುಂಬಿ ಬಂತು.

"ಪೂರ್ತಿ ಖಾಲಿ ಮಾಡು ತಾತ, ಆಮೇಲೆ ಹೋಗಣ," ಎಂದಳು.

ತಿಂದೆ. ಉಪ್ಪು ಕಡಿಮೆಯಾಗಿತ್ತು, ಆದರೆ ಅದನ್ನು ಮನೆಯಲ್ಲಿ ಹೇಳುವಂತಿರಲಿಲ್ಲ.