ರೇಷ್ಮೆ ಎಳೆ ಹಿಡಿಯದ ಬೆಂಚು

ಬನಹಟ್ಟಿಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಒಂದು ಬೆಂಚಿದೆ. ಸಾಗವಾನಿಯದು. ಮೇಲೆ ದಪ್ಪ ಮೆತ್ತೆ, ನಾಲ್ಕು ಮೂಲೆಗೆ ಕಬ್ಬಿಣದ ಬಳೆ. ಆ ಬಳೆಗಳಿಗೆ ಕೈ ಕಟ್ಟಿಸಿಕೊಳ್ಳುವುದು ನನಗೆ ಇಷ್ಟ. ಕಟ್ಟುವವರು ನನ್ನ ಗಂಡ. ಮದುವೆಯಾಗಿ ಹದಿನೆಂಟು ವರ್ಷದ ಮೇಲೆ ಇದನ್ನು ಬಾಯಿಬಿಟ್ಟು ಕೇಳಿದವಳು ನಾನು. ಕಾನ್ವೆಂಟಿನಲ್ಲಿ ಕಲಿತ ಮೆತ್ತಗಿನ ಹೆಂಗಸು ಎಂದು ನನ್ನನ್ನು ಬಲ್ಲವರಿಗೆ ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ.

ಬೆಂಚನ್ನು ಮಾಡಿಕೊಟ್ಟವರು ನಮ್ಮ ಮಗ್ಗಗಳನ್ನು ರಿಪೇರಿ ಮಾಡುವ ಬಡಿಗರು.

"ಎಷ್ಟ ಭಾರ ತಡೀಬೇಕ್ರಿ ಬಾಯಾರ?" ಎಂದು ಕೇಳಿದರು.

ಗಂಡ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತರು. "ನನ್ನಂಥಾ ಇಬ್ಬರದು," ಎಂದೆ.

"ಹಂಗಾರ ಬೋಲ್ಟ್ ಹಾಕ್ತೀನಿ. ಮೊಳಿ ನಂಬಬ್ಯಾಡ್ರಿ."

ಬೆಂಚು ಸಿದ್ಧವಾದಾಗ ಅದರ ಮೇಲೆ ಮುಧೋಳದಿಂದ ಬಂದ ಬೆಲ್ಲದ ದೊಡ್ಡ ಪೆಂಟೆಗಳನ್ನು ಹೇರಿ ಅಲುಗಾಡಿಸಿ ನೋಡಿದರು. ಆಮೇಲೆ ಒಂದು ರೇಷ್ಮೆ ಎಳೆಯನ್ನು ಅಂಚಿನ ಉದ್ದಕ್ಕೂ ಎಳೆದರು. ಮಗ್ಗದ ಕಟ್ಟಿಗೆಗೆ ಎಳೆ ಸಿಕ್ಕಿಕೊಂಡರೆ ಸೀರೆ ಕೆಡುತ್ತದೆ. ಹಾಗಾಗಿ ಎಳೆ ಎಲ್ಲೂ ಹಿಡಿಯದ ತನಕ ಇಲ್ಲಿ ಬಡಿಗರ ಕೆಲಸ ಮುಗಿಯುವುದಿಲ್ಲ. ನಮ್ಮ ಬೆಂಚಿನಲ್ಲಿ ಮೂರು ಕಡೆ ಹಿಡಿಯಿತು. ಮೂರನ್ನೂ ತಿಕ್ಕಿ ನುಣುಪು ಮಾಡಿದರು.

ಅಷ್ಟು ಜಾಗ್ರತೆಯ ಮೇಲೂ ಮೊದಲ ಸಲ ನಾವು ತಪ್ಪಿದೆವು. ನೇಕಾರರ ಮನೆಯಲ್ಲಿ ಕೈಗೆ ಸಿಗುವುದು ರೇಷ್ಮೆ. ಗಂಡ ಹತ್ತಾರು ಎಳೆ ಹೊಸೆದು ಅದರಿಂದಲೇ ನನ್ನ ಕೈ ಕಟ್ಟಿದರು. ತುಸು ಜಗ್ಗಿದರೂ ಗಂಟು ಬಿಗಿಯುತ್ತ ಹೋಯಿತು. ನಾನು "ಬೀಳಗಿ" ಎಂದೆ. ನಿಲ್ಲಿಸು ಎನ್ನುವುದಕ್ಕೆ ನಾವು ಮಾಡಿಕೊಂಡ ಮಾತದು, ನನ್ನ ತವರೂರು. ಅವರು ತಕ್ಷಣ ನಿಲ್ಲಿಸಿದರು, ಆದರೆ ಗಂಟು ಬಿಚ್ಚಲು ಬರಲಿಲ್ಲ. ಕತ್ತರಿ ಕೆಳಗೆ ಮಗ್ಗದ ಹತ್ತಿರ ಇತ್ತು. ಓಡಿ ಹೋಗಿ ತರುವುದರೊಳಗೆ ನನ್ನ ಎರಡು ಬೆರಳು ಜೋಮು ಹಿಡಿದಿದ್ದವು. ಸಂಜೆ ರೊಟ್ಟಿ ತಟ್ಟುವಾಗಲೂ ಅವು ನನ್ನವಲ್ಲ ಅನ್ನಿಸಿತು. ಅವತ್ತು ಗಂಡ ಉಣ್ಣಲಿಲ್ಲ.

ಈಗ ಅಗಲ ಹತ್ತಿಯ ಪಟ್ಟಿ ಇದೆ, ಅದಕ್ಕೆ ಬಕಲ್. ಪಟ್ಟಿಯ ಕೆಳಗೆ ಎರಡು ಬೆರಳು ಹೋಗಬೇಕು. ಕತ್ತರಿ ಅಲ್ಲೇ ಗೋಡೆಗೆ ತೂಗುತ್ತದೆ. ನಾನು ಕಟ್ಟಿಸಿಕೊಂಡಿರುವಷ್ಟು ಹೊತ್ತು ಅವರು ಕೋಣೆ ಬಿಟ್ಟು ಹೋಗುವುದಿಲ್ಲ. ಕಾನ್ವೆಂಟಿನಲ್ಲಿ ಪ್ರತಿ ಸೋಮವಾರ ಸಿಸ್ಟರ್ ನಮ್ಮ ಉಗುರು ನೋಡುತ್ತಿದ್ದರು. ಈಗ ಇವರು ನೋಡುತ್ತಾರೆ: ಉಗುರು ಒತ್ತಿ ಬಿಟ್ಟು, ಕೆಂಪು ಮರಳುವ ತನಕ ಕಾಯುತ್ತಾರೆ.

ಹೋದ ಬೇಸಿಗೆ ಗಂಡನ ಅಕ್ಕ ಜಮಖಂಡಿಯಿಂದ ಬಂದರು. ಸಂಡಿಗೆ ಒಣಹಾಕಲು ಮೇಲೆ ಹೋದವರು ಆ ಕೋಣೆಯ ಬಾಗಿಲು ತೆರೆದು, ಕಾಣದಿರಲೆಂದು ಬೆಂಚಿಗೆ ಹೊದಿಸಿಟ್ಟಿದ್ದ ಚಾದರ ಎತ್ತಿ ನೋಡಿದರು.

"ತಮ್ಮಾ, ಏನಲೇ ಇದು? ಹೆಂಡ್ತಿನ್ನ ಕಟ್ಟಿ ಹಾಕ್ತಿಯೇನ? ಮಂದಿಗೆ ಗೊತ್ತಾದ್ರ ನಾ ಮಾರಿ ಎಲ್ಲಿಡ್ಲಿ? ನಾಳಿನಽ ಬಡಿಗ್ಯಾನ್ನ ಕರಸು. ಒಡಸಿ ಒಲಿಗೆ ಹಾಕು!"

"ಹೂಂ ಅಕ್ಕಾ," ಎಂದುಬಿಟ್ಟರು ಗಂಡ. ನಾನು ನಡುವೆ ಬಂದೆ.

"ಅಕ್ಕಾರ, ಅವರನ್ನ ಯಾಕ ಕೇಳ್ತೀರಿ? ಬೆಂಚ್ ನಂದು. ಕಟ್ಟಸ್ಕೊಳ್ಳಾಕಿ ನಾನು."

"ನಾಚಿಕಿ ಬರೂದಿಲ್ಲೇನ ನಿನಗ?"

"ಇಲ್ರಿ. ನಾ ಸಾಕು ಅಂದ್ರ ಇವರು ಅಲ್ಲೇ ನಿಲ್ತಾರ. ನೀವು ಸಾಕು ಅಂದಾಗ ನಿಮ್ಮ ಮನ್ಯಾಗ ಯಾರರ ನಿಂತಾರೇನ್ರಿ?"

ಅಕ್ಕ ಕೈಬಳೆಗಳನ್ನು ಒಂದೊಂದಾಗಿ ತಿರುಗಿಸುತ್ತ ಕುಳಿತರು. ಆ ಮಾತು ಆಡಬಾರದಿತ್ತೇನೋ. ಆದರೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮರುದಿನ ಬಡಿಗರನ್ನು ನಾನೇ ಕರೆಸಿದೆ. ಒಡೆಯುವುದನ್ನು ನೋಡಲು ಅಕ್ಕ ಮೇಲೆ ಬಂದು ನಿಂತರು.

"ಎಡಗಡಿ ಕಾಲು ಸಪ್ಪಳ ಮಾಡತೈತ್ರಿ. ಬೋಲ್ಟ್ ಬಿಗಿ ಮಾಡಿಕೊಡ್ರಿ," ಎಂದೆ ಬಡಿಗರಿಗೆ.

ಗಂಡ ಒಂದು ಗಳಿಗೆ ಅಕ್ಕನ ಮುಖ ನೋಡಿದರು. ಆಮೇಲೆ ಕೆಳಗೆ ಹೋಗಿ ಬೋಲ್ಟ್ ತಿರುಗಿಸುವ ಪಾನಾ ತಂದು ಬಡಿಗರ ಕೈಗೆ ಕೊಟ್ಟರು.

ಬೋಲ್ಟ್ ಬಿಗಿದ ಮೇಲೆ ಬಡಿಗರು ಕಿಸೆಯಿಂದ ರೇಷ್ಮೆ ಎಳೆ ತೆಗೆದು ಅಂಚಿಗೆಲ್ಲ ಎಳೆದರು. ಎಲ್ಲೂ ಹಿಡಿಯಲಿಲ್ಲ.

"ಇದು ಯಾತಕ್ಕಂತ ಗೊತ್ತೈತೇನಪಾ ನಿನಗ?" ಅಕ್ಕ ಕೇಳಿದರು.

"ಬಾಯಾರ ಹೇಳಿಲ್ರಿ, ನಾ ಕೇಳಿಲ್ಲ. ಮುರ್ಯಾಂಗಿಲ್ಲ, ಅಷ್ಟ ಗೊತ್ತೈತ್ರಿ."

ಅಕ್ಕ ಊರಿಗೆ ಹೋದ ಮೇಲೆ ಬೆಂಚಿನ ಚಾದರವನ್ನು ಒಗೆಯಲು ಹಾಕಿದೆ. ಮತ್ತೆ ಹೊದಿಸಿಲ್ಲ.