ಕಾಕುಗೆ ಬಂದ ಕ್ಯಾಮೆರಾ ನೋಟಿಸು

ಕ್ರೋಯ್ಡನ್ನಿನಲ್ಲಿ ನಾನು ಇಳಿದುಕೊಂಡಿರುವುದು ಶಾಂತಾ ಕಾಕುವಿನ ಮನೆಯಲ್ಲಿ. ಧಾರವಾಡದವರು, ಇಲ್ಲಿ ಮಕ್ಕಳ ಡಾಕ್ಟರು. ಹೋದ ವರ್ಷ ಈ ಮನೆಯ ಮುಂದೆಯೇ ಕಾರೊಂದು ಗುದ್ದಿ ಪಕ್ಕದ ಮನೆಯ ಹುಡುಗಿಯ ಕಾಲು ಮುರಿದಿತ್ತು. ಕಾಕು ಮನೆಮನೆ ತಿರುಗಿ ಸಹಿ ಹಾಕಿಸಿ, ಕೌನ್ಸಿಲ್ಲಿನವರ ಬೆನ್ನು ಹತ್ತಿ, ಕೊನೆಗೂ ರಸ್ತೆಗೆ ವೇಗದ ಕ್ಯಾಮೆರಾ ತರಿಸಿದರು.

ಇವತ್ತು ಚಹಾ ಕುಡಿಯುತ್ತಿದ್ದಾಗ ಅಂಚೆ ಬಂತು. ಲಕೋಟೆ ಒಡೆದು ಓದಿದ ಕಾಕು ಕಾಗದವನ್ನು ನನ್ನತ್ತ ಸರಿಸಿದರು. ಆ ಕ್ಯಾಮೆರಾ ಅವರ ಕಾರನ್ನೇ ಹಿಡಿದಿತ್ತು. ಗಂಟೆಗೆ ಇಪ್ಪತ್ತು ಮೈಲಿಯ ಮಿತಿಯಿರುವಲ್ಲಿ ಅವರು ಇಪ್ಪತ್ತೇಳರಲ್ಲಿ ಹೋಗಿದ್ದರು.

"ಡ್ಯೂಟಿಗೆ ತಡ ಆಗಿತ್ತು ಅಂತ ಬರದು ಹಾಕ್ರಿ ಕಾಕು, ಬಿಡ್ತಾರ," ಎಂದೆ.

"ಆ ಹುಡುಗಿಗೆ ಗುದ್ದಿದಾಂವನೂ ತಡ ಆಗಿತ್ತು ಅಂತನs ಅಂದಿದ್ದ," ಎಂದರು. ಆಮೇಲೆ ಅವರಿಗೇ ನಗು ಬಂತು. "ಕ್ಯಾಮೆರಾ ಮಾತ್ರ ಛಲೋ ಕೆಲಸ ಮಾಡ್ತದ ನೋಡು."

ತಪ್ಪು ಒಪ್ಪಿಕೊಂಡು ಸಹಿ ಹಾಕಿ, ನನ್ನನ್ನು ಕಾರಿನಲ್ಲಿ ಸ್ಟೇಷನ್ನಿಗೆ ಬಿಡಲು ಹೊರಟರು. ಸೈಕಲ್ಲಿನ ಮುದುಕರೊಬ್ಬರು ನಮ್ಮನ್ನು ಹಿಂದೆ ಹಾಕಿ, ಕೈಬೀಸಿ ಹೋದರು.

"ಕಾಕು, ರೈಲು ತಪ್ಪತದ," ಎಂದೆ.

"ತಪ್ಪಲಿ. ಹಿಂದs ಇನ್ನೊಂದು ಬರ್ತದ," ಎಂದು ಕಾಕು ಮುದುಕರಿಗೆ ತಿರುಗಿ ಕೈಬೀಸಿದರು.